ಮಾತು ಬಿಟ್ಟವರ ಲಕೋಟೆ ಮತ್ತು ಗೇಸ್ಕೆ ಓಯ್ಕೆನ್ಸ್

ಬ್ರಿಟಿಷರು ಹೆಲ್ಗೋಲಾಂಡ್ ದ್ವೀಪವನ್ನು ಜರ್ಮನಿಗೆ ಬಿಟ್ಟುಕೊಟ್ಟು ನೂರು ವರ್ಷಗಳ ಮೇಲಾಯಿತು. ಅವರ ಗವರ್ನರನ ಮನೆ ಉಳಿದಿಲ್ಲ, ಅವರು ಕಟ್ಟಿಸಿದ ಕಟ್ಟೆಗಳು ಉಳಿದಿಲ್ಲ. ಆಮೇಲಿನ ಯುದ್ಧದ ಬಾಂಬುಗಳಿಂದ ತಪ್ಪಿಸಿಕೊಂಡು ಉಳಿದದ್ದು ಅವರ ಕಾಲದ ಅಂಚೆಚೀಟಿಗಳು ಮಾತ್ರ, ಅದೂ ದ್ವೀಪದಲ್ಲಲ್ಲ, ಊರೂರಿನ ಸಂಗ್ರಾಹಕರ ಕಪಾಟುಗಳಲ್ಲಿ. ಹಸಿರು ಕೆಂಪು ಚೌಕಟ್ಟಿನ ನಡುವೆ ಬಿಳಿಯಾಗಿ ಉಬ್ಬಿದ ರಾಣಿಯ ತಲೆಯಿರುವ ಈ ಚೀಟಿಗಳ ಮೇಲೆ ಜನ ಎಷ್ಟು ಮುಗಿಬಿದ್ದರೆಂದರೆ, ಆಳ್ವಿಕೆ ಮುಗಿದ ಮೇಲೂ ಹಳೆಯ ಅಚ್ಚುಗಳಿಂದ ಮತ್ತೆ ಮತ್ತೆ ಮುದ್ರಿಸಿ ಮಾರಿದವರಿದ್ದರು. ಹೀಗಾಗಿ ಇಂದು ಅಸಲಿ ಚೀಟಿ ಒಂದು ಸಿಕ್ಕರೆ ಮರುಮುದ್ರಣ ರಾಶಿರಾಶಿ ಸಿಗುತ್ತದೆ. ಇವೆರಡನ್ನೂ ಬೇರ್ಪಡಿಸಿ ಹೇಳಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ದ್ವೀಪದಲ್ಲೇ ನಿಂತು, ನಮ್ಮ ವಸ್ತುಸಂಗ್ರಹಾಲಯದ ಅಂಚೆಚೀಟಿ ಕೋಣೆಯನ್ನು ಕಟ್ಟಿ ಬೆಳೆಸಿ, ಈ ತಿಂಗಳು ಅದರ ಬೀಗದ ಕೈಯನ್ನು ಮುಂದಿನವರಿಗೆ ಒಪ್ಪಿಸುತ್ತಿರುವವರು ಗೇಸ್ಕೆ ಓಯ್ಕೆನ್ಸ್ ಒಬ್ಬರೇ.

ಅವರ ಅಭಿನಂದನ ಗ್ರಂಥಕ್ಕೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಮೊದಲು ನನಗೆ ಸಿಟ್ಟು ಬಂತು. ಇಷ್ಟು ಕಾಲ ಅವರ ಪಕ್ಕದ ಮೇಜಿನಲ್ಲಿ ಕೂತು ಟಿಕೆಟ್ ಹರಿದವನು ನಾನು; ಅವರ ನಿವೃತ್ತಿಯೆಂದರೆ ನನ್ನ ಮಧ್ಯಾಹ್ನದ ಚಹಾಕ್ಕೆ ಜೊತೆಯಿಲ್ಲ ಎಂದರ್ಥ. ಸಂತೋಷದಿಂದ ಬರೆಯುವುದಾದರೂ ಹೇಗೆ? ಆದರೂ ಬರೆಯುತ್ತೇನೆ, ಏಕೆಂದರೆ ಬೊಟ್ಟರ್ ಲಕೋಟೆಯ ಸಂಗತಿಯನ್ನು ಬೇರೆಯವರು ಬರೆದರೆ ತಪ್ಪಾಗಿ ಬರೆದಾರು ಎಂಬ ಭಯ ನನಗಿದೆ. ನಾನು ಕಣ್ಣಾರೆ ಕಂಡದ್ದು ಅದರಲ್ಲಿ ಸ್ವಲ್ಪ; ಉಳಿದದ್ದು ಅವರ ಬಾಯಿಂದಲೇ ಕೇಳಿದ್ದು.

ಗೇಸ್ಕೆಯವರು ಹುಟ್ಟಿದ್ದು ದ್ವೀಪದ ಹೊರಗೆ. ಬಾಂಬ್ ಬಿದ್ದು ದ್ವೀಪವನ್ನೇ ಖಾಲಿ ಮಾಡಿಸಿದ ಮೇಲೆ ಅವರ ತಂದೆತಾಯಿ ಎಲ್ಬೆ ನದಿಯ ದಡದ ಊರೊಂದರಲ್ಲಿ ನೆಲೆ ನಿಂತರು. ಉಳಿದವರು ದ್ವೀಪಕ್ಕೆ ಮರಳಿದರೂ ಅವರು ಮರಳಲಿಲ್ಲ. ತಂದೆಗೆ ಅಲ್ಲಿ ಗುಮಾಸ್ತೆ ಕೆಲಸವಿತ್ತು. ಹೀಗಾಗಿ ಗೇಸ್ಕೆಯವರು ಹ್ಯಾಂಬರ್ಗಿನಲ್ಲಿ ಓದಿ, ಮುದ್ರಣಕಲೆಯ ಇತಿಹಾಸದಲ್ಲಿ ಪದವಿ ಪಡೆದು, ಬುದ್ಧಿ ಬಲಿತ ಮೇಲಷ್ಟೇ ದ್ವೀಪಕ್ಕೆ ಬಂದರು. ಬಂದವರು, ಬಂಡೆಯ ಬುಡದ ಕೆಳಗಿನೂರು ಬಿಟ್ಟು ನೆತ್ತಿಯ ಮೇಲೂರಿನಲ್ಲಿ ಮನೆ ಹಿಡಿದರು, ನಮ್ಮ ಹಳೆಯ ಭಾಷೆಯನ್ನು ಮುದುಕಿಯರ ಹತ್ತಿರ ಕೂತು ಕಲಿತರು, ಏಡಿಯ ಕೊಂಡಿ ಒಡೆಯುವುದನ್ನೂ ಕಲಿತರು. ಕಲಿಯದೆ ಉಳಿದದ್ದು ಒಂದೇ ಒಂದು. ಅದನ್ನು ಮುಂದೆ ಹೇಳುತ್ತೇನೆ.

ಬೇಸಿಗೆಯಲ್ಲಿ ಹಡಗಿನಿಂದ ಇಳಿದ ಪ್ರವಾಸಿಗರು ಅಜ್ಜನ ಕಾಲದ ಆಲ್ಬಮ್ ಬಗಲಲ್ಲಿಟ್ಟುಕೊಂಡು, ಇಂದು ಸಂಜೆಯೊಳಗೆ ಸಿರಿವಂತರಾಗಿ ಹಿಂತಿರುಗುವ ಉಮೇದಿನಲ್ಲಿ ಅವರ ಕೋಣೆಗೆ ಬರುತ್ತಿದ್ದರು. ಗೇಸ್ಕೆಯವರು ಭೂತಗನ್ನಡಿ ಹಿಡಿದು ರಾಣಿಯ ಕತ್ತಿನ ಹಿಂದೆ ಇಳಿಬಿದ್ದ ಕೂದಲ ಸುರುಳಿಯನ್ನು ನೋಡುತ್ತಿದ್ದರು. ಆ ಸುರುಳಿ ಹೇಗೆ ಬಾಗಿದೆ ಎನ್ನುವುದರ ಮೇಲೆ ಯಾವ ಅಚ್ಚು, ಯಾವ ಕಾಲ ಎಂದು ತಿಳಿಯುತ್ತದೆ. ಆಮೇಲೆ ಕಾಗದ, ಆಮೇಲೆ ಬಣ್ಣ, ಆಮೇಲೆ ಅಂಚಿನ ಹಲ್ಲು. ನೂರಕ್ಕೆ ತೊಂಬತ್ತು ಸಲ ಅದು ಮರುಮುದ್ರಣವೇ. ಆದರೆ ಅವರು ಯಾರಿಗೂ ಮುಖ ಮುರಿದಂತೆ ಹೇಳಿದವರಲ್ಲ. ಬ್ರೆಮೆನ್ನಿನ ವಿಧವೆಯೊಬ್ಬಳು ಗಂಡ ಜೀವಮಾನವಿಡೀ ಕೂಡಿಟ್ಟ ಇಡೀ ಪುಸ್ತಕವೇ ಮರುಮುದ್ರಣ ಎಂದು ತಿಳಿದು ಅಳತೊಡಗಿದಾಗ, ಗೇಸ್ಕೆಯವರು ಕೋಣೆಗೆ ಬೀಗ ಹಾಕಿ ಆಕೆಯನ್ನು ಮನೆಗೆ ಕರೆದೊಯ್ದು ಮೊಟ್ಟೆ ಕಡೆದು ರಮ್ ಬೆರೆಸಿದ ಬಿಸಿ ಗ್ರಾಗ್ ಮಾಡಿಕೊಟ್ಟು, "ನಿಮ್ಮನೆಯವರ ಕೈ ಎಷ್ಟು ಅಚ್ಚುಕಟ್ಟು ನೋಡಿ, ಒಂದು ಚೀಟಿಗೂ ಹಲ್ಲು ಮುರಿದಿಲ್ಲ," ಎಂದು ಸಂಜೆಯ ಹಡಗಿನವರೆಗೂ ಆ ಪುಸ್ತಕವನ್ನೇ ನೋಡುತ್ತ ಕೂತರು. ಅಂದು ಬಾಗಿಲು ಮುಚ್ಚಿದ್ದಕ್ಕೆ ಬೈಸಿಕೊಂಡವನು ನಾನು.

ಇಂಥವರ ಮೇಲೆ ಯಾರು ತಾನೇ ಮುನಿದಾರು? ಯಾರೂ ಮುನಿದಿರಲಿಲ್ಲ. ತೊಂದರೆ ಆದದ್ದೇ ಅಲ್ಲಿ.

ಅಂಚೆಚೀಟಿ ಕೋಣೆಯನ್ನು ಆರಂಭಿಸಿದ ವರ್ಷ ಮೀನಾ ಬೊಟ್ಟರ್ ಎಂಬ ಮುದುಕಿ ತನ್ನ ಪ್ರಾರ್ಥನಾ ಪುಸ್ತಕದಿಂದ ಒಂದು ಲಕೋಟೆ ತೆಗೆದು ಗೇಸ್ಕೆಯವರ ಕೈಗಿಟ್ಟಳು. ಯುದ್ಧದಲ್ಲಿ ಊರು ಬಿಡುವಾಗ ಬೆಳ್ಳಿ ಚಮಚಗಳನ್ನು ಬಿಟ್ಟು ಅದನ್ನು ಹೊತ್ತು ಹೋಗಿದ್ದವಳು ಆಕೆ. ಲಕೋಟೆಯ ಮೇಲೆ ಬ್ರಿಟಿಷ್ ಕಾಲದ ಹಸಿರು ಚೀಟಿ, ಅದರ ಮೇಲೆ ಹೆಲ್ಗೋಲಾಂಡಿನ ಅಂಚೆ ಮುದ್ರೆ, ವಿಳಾಸದ ಜಾಗದಲ್ಲಿ ನಮ್ಮ ಭಾಷೆಯಲ್ಲಿ ಇಷ್ಟೇ: "ಮೇಲೆ. ಪೀಟರ್ ಬೊಟ್ಟರನಿಗೆ." ಬೀದಿಯಿಲ್ಲ, ಊರಿಲ್ಲ.

ಗೇಸ್ಕೆಯವರಿಗೆ ಸಂದೇಹ ಬಂತು. ಅಂಚೆ ಮುದ್ರೆ ಸರಿಯಾಗಿ ರಾಣಿಯ ಕತ್ತಿನ ಮೇಲೆ ಬಿದ್ದು ಸುರುಳಿ ಮುಚ್ಚಿಹೋಗಿತ್ತು. ಬಣ್ಣ ಅಸಲಿಯದೂ ಇರಬಹುದು, ಮರುಮುದ್ರಣದ್ದೂ ಇರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಕೆಳಗಿನಿಂದ ಕೂಗಿದರೆ ಮೇಲಕ್ಕೆ ಕೇಳಿಸುವಷ್ಟು ಪುಟ್ಟ ದ್ವೀಪದಲ್ಲಿ ಕೆಳಗಿನವನು ಮೇಲಿನವನಿಗೆ ಚೀಟಿ ಹಚ್ಚಿ ಕಾಗದ ಹಾಕುವುದುಂಟೆ?

"ಇದನ್ನ ಕಳಿಸಿದ್ದು ಯಾರಮ್ಮ?" ಎಂದು ಕೇಳಿದರು.

"ಪೀಟರಜ್ಜನ ಅಣ್ಣ ನಿಕ್ಕೆಲ್ಸ್. ಕೆಳಗಿನ ಮನೆಯೋನು."

"ಅಷ್ಟು ಹತ್ತಿರ ಇದ್ದು ಅಂಚೇಲಿ ಯಾಕೆ ಹಾಕಿದ?"

"ಮತ್ತೆ ಇನ್ಹೆಂಗೆ ಕಳಿಸ್ತಾರೆ?" ಎಂದಳು ಮೀನಜ್ಜಿ, ಇದೇನು ಕೇಳುವ ಮಾತೇ ಎಂಬಂತೆ. ಆಮೇಲೆ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ.

ಗೇಸ್ಕೆಯವರು ಅದನ್ನು ಜಾರಿಕೊಳ್ಳುವ ಉತ್ತರವೆಂದು ತಿಳಿದರು. ಆಗ ಅವರು ಅಂಚೆಚೀಟಿಗಳು ಅಸಲಿಯೋ ಅಲ್ಲವೋ ಎಂದು ತೀರ್ಮಾನಿಸುವ ಹ್ಯಾಂಬರ್ಗಿನ ಒಂದು ಪರೀಕ್ಷಕ ಮಂಡಳಿಯ ಹೊಸ ಸದಸ್ಯೆ. ದ್ವೀಪದವರೊಬ್ಬರು ಆ ಮಂಡಳಿಯಲ್ಲಿ ಕೂತದ್ದು ಅದೇ ಮೊದಲು. ಲಕೋಟೆಯನ್ನು ಅಲ್ಲಿಗೆ ಕಳಿಸುತ್ತ, ದ್ವೀಪದೊಳಗೇ ಅಂಚೆಯಲ್ಲಿ ಹೋದ ಪತ್ರವೆಂಬುದು ನಂಬತಕ್ಕದ್ದಲ್ಲ, ಇದು ಪ್ರವಾಸಿಗರಿಗೆ ಮಾರಲು ಆಮೇಲೆ ಯಾರೋ ಕೂಡಿಸಿದ್ದಿರಬೇಕು ಎಂದು ಅಭಿಪ್ರಾಯ ಬರೆದು ಸಹಿ ಹಾಕಿದರು. ಮಂಡಳಿಯ ಪದ್ಧತಿಯೇನೆಂದರೆ, ಇಬ್ಬರು ಪರೀಕ್ಷಕರು ಸಹಿ ಮಾಡಿದರೆ ಮುಂದಿನ ಸಭೆಯಲ್ಲಿ ವಸ್ತುವಿನ ಬೆನ್ನಿಗೆ "ಖೋಟಾ" ಎಂದು ಅಳಿಸಲಾಗದ ನೇರಳೆ ಶಾಯಿಯಲ್ಲಿ ಒತ್ತಿಬಿಡುತ್ತಾರೆ. ಖೋಟಾಗಳ ಪಟ್ಟಿಯಲ್ಲಿ ಅದಕ್ಕೆ ಒಡೆಯರ ಹೆಸರನ್ನೇ ಇಡುತ್ತಾರೆ. "ಬೊಟ್ಟರ್ ಖೋಟಾ." ಲೋಕ ಇರುವ ತನಕ ಆ ಹೆಸರು ಹೋಗುವುದಿಲ್ಲ.

ಸುದ್ದಿ ದ್ವೀಪಕ್ಕೆ ಹೇಗೆ ಬಂತೋ, ಬಂತು. ಬ್ರೆಡ್ ಅಂಗಡಿಯಲ್ಲಿ ಯಾರೋ ಮೀನಜ್ಜಿಯ ಮೊಮ್ಮಗಳನ್ನು, "ಏನೇ ಬೊಟ್ಟರ್, ನೀನಾದ್ರೂ ಅಸಲಿಯೇನೇ?" ಎಂದು ಕಿಚಾಯಿಸಿದರು. ಅಂದಿನಿಂದ ಮೀನಜ್ಜಿ ಹೊರಗೆ ಬರುವುದನ್ನೇ ನಿಲ್ಲಿಸಿದಳು. ಅವಳ ಮಗ ಯಾಕೊಬ್ ಬೊಟ್ಟರ್ ಗೇಸ್ಕೆಯವರ ಜೊತೆ ಮಾತು ಬಿಟ್ಟ.

ಯಾಕೊಬ್ ಹಡಗುಗಳಿಂದ ಜನರನ್ನು ದಡಕ್ಕೆ ತರುವ ದೋಣಿಯ ಹಿರಿಯ. ಕಡಲಲ್ಲಿ ನಿಂತ ಹಡಗಿನ ಬಾಗಿಲಿಂದ ಕುಲುಕುವ ದೋಣಿಗೆ ಇಳಿಯುವವರ ರಟ್ಟೆಯನ್ನು ಇಬ್ಬರು ದೋಣಿಯವರು ಎರಡೂ ಕಡೆ ಹಿಡಿದು, ಅಲೆ ಏರಿದ ಹೊತ್ತಿಗೆ ಎತ್ತಿ ಇಳಿಸುತ್ತಾರೆ. ಹಿಡಿದ ಕೈ ಸಡಿಲಿದರೆ ಹಡಗಿಗೂ ದೋಣಿಗೂ ನಡುವೆ ಜಜ್ಜಿಹೋಗುವುದೇ. ಆ ಬೇಸಿಗೆಯಿಡೀ, ಮಂಡಳಿಯ ಕೆಲಸಕ್ಕೆ ಹೋಗಿಬರುವಾಗೆಲ್ಲ, ಯಾಕೊಬ್ ಗೇಸ್ಕೆಯವರನ್ನು ಹಾಗೆ ಎತ್ತಿದ, ಇಳಿಸಿದ. ಮುಖ ನೋಡಲಿಲ್ಲ, ಹೂಂ ಅನ್ನಲಿಲ್ಲ. ಬಿಗಿದ ಬೆರಳುಗಳ ಗುರುತು ರಟ್ಟೆಯ ಮೇಲೆ ಉಳಿಯುತ್ತಿತ್ತು. "ಒಂದಲ್ಲ ಒಂದು ದಿನ ಕೈ ಬಿಡ್ತಾನೆ ಅನ್ನಿಸೋದು," ಎಂದು ಗೇಸ್ಕೆಯವರು ಆಮೇಲೆ ನನಗೆ ಹೇಳಿದ್ದುಂಟು. ನಾನು ನಕ್ಕೆ. ಯಾಕೊಬ್ ಮಾತು ಬಿಡುತ್ತಾನೆಯೇ ಹೊರತು ಕೈ ಬಿಡುವವನಲ್ಲ ಎಂದು ನಮಗೆಲ್ಲ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಅಕ್ಟೋಬರಿನ ಒಂದು ಶುಕ್ರವಾರ ಮಂಡಳಿಯ ಸಭೆ. ಗೇಸ್ಕೆಯವರು ಗುರುವಾರದ ಹಡಗು ಹತ್ತುವವರಿದ್ದರು. ಬುಧವಾರ ಬೆಳಿಗ್ಗೆ ಅಂಚೆಯವನು ಅವರ ಮನೆಗೆ ಒಂದು ಲಕೋಟೆ ತಂದುಕೊಟ್ಟ. ಒಳಗೆ ಎರಡೇ ಸಾಲು: "ಗುರುವಾರ ಅಲೆ ಜೋರು. ದೋಣಿ ಹತ್ತಬೇಡ. ಯಾಕೊಬ್." ಹಿಂದಿನ ಸಂಜೆ ಮೀನಿನ ಅಂಗಡಿಯ ಮುಂದೆ ಇದೇ ಯಾಕೊಬ್ ಅವರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಹಾದುಹೋಗಿದ್ದ! ಗೇಸ್ಕೆಯವರು ಲಕೋಟೆಯನ್ನು ತಿರುಗಿಸಿ ನೋಡಿದರು. ಚೀಟಿ ಇದೆ, ಮುದ್ರೆ ಇದೆ. ವಿಳಾಸ: "ಮೇಲೆ. ಗೇಸ್ಕೆಗೆ."

ಮೀನಜ್ಜಿಯ ಲಕೋಟೆಯ ಮೇಲೂ ಹೀಗೇ ಬರೆದಿತ್ತು.

ಅವರು ಓಡಿ ನನ್ನ ಟಿಕೆಟ್ ಕಿಟಕಿಗೆ ಬಂದರು. "ಇಲ್ಲಿ ಮಾತು ಬಿಟ್ಟೋರು ಏನಾದ್ರೂ ಹೇಳ್ಬೇಕು ಅಂದ್ರೆ ಏನು ಮಾಡ್ತಾರೆ?" ಎಂದು ಕೇಳಿದರು.

"ಕಾಗದ ಹಾಕ್ತಾರೆ," ಎಂದೆ. "ಅಂಚೇಲಿ ಹಾಕಿದ್ರೆ ಮಾತಾಡಿದ ಹಾಗಾಗಲ್ಲವಲ್ಲ."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ನಮ್ಮಜ್ಜ ಇಪ್ಪತ್ತು ವರ್ಷ ತಮ್ಮನಿಗೆ ಹಾಗೇ ಹಾಕ್ತಿದ್ದ, ಗೋಡೆ ಆಚೆ ಮನೆಗೆ."

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ನೀವು ಕೇಳಲಿಲ್ಲವಲ್ಲ ಗೇಸ್ಕಕ್ಕ! ಮನೆ ಜಗಳಾನ ಯಾರಾದ್ರೂ ಹೊರಗೆ ಹೇಳ್ಕೋತಾರಾ?"

ಇಷ್ಟೇ ಸಂಗತಿ. ನಿಕ್ಕೆಲ್ಸ್, ಪೀಟರ್ ಅಣ್ಣತಮ್ಮಂದಿರು ಏಡಿ ಹಿಡಿಯುವ ಜಾಗಕ್ಕೆ ಜಗಳವಾಡಿ ಮಾತು ಬಿಟ್ಟಿದ್ದರು. ಆ ನಾಚಿಕೆಯನ್ನು ಹೇಳಲಾರದೆ ಮೀನಜ್ಜಿ ತುಟಿ ಬಿಗಿದಿದ್ದಳು. ಎಲ್ಲವನ್ನೂ ವಿವರಿಸಬಲ್ಲ ಯಾಕೊಬ್ ಮಾತೇ ಬಿಟ್ಟಿದ್ದ. ಗೇಸ್ಕೆಯವರಾದರೋ ಎಂಥ ಒಳ್ಳೆಯ ಹೆಂಗಸೆಂದರೆ, ಅಲ್ಲಿಯವರೆಗೆ ದ್ವೀಪದಲ್ಲಿ ಒಬ್ಬರೂ ಅವರ ಜೊತೆ ಮಾತು ಬಿಟ್ಟಿರಲಿಲ್ಲ. ಅವರ ವಿದ್ಯೆಯಲ್ಲಿ ಉಳಿದಿದ್ದ ಕೊರತೆ ಅದೊಂದೇ.

ತಕ್ಷಣ ಹ್ಯಾಂಬರ್ಗಿಗೆ ಫೋನ್ ಮಾಡಿದರು. ಮಂಡಳಿಯ ಹಿರಿಯ ಡಾಕ್ಟರ್ ಫೊಸ್‌ಬೆಕ್ ನಿಷ್ಠುರ ಮನುಷ್ಯ. ಕೆಟ್ಟವರಲ್ಲ, ನಿಯಮಕ್ಕೆ ಕಟ್ಟುಬಿದ್ದವರು. "ನನ್ನ ಸಹಿಯೂ ಬಿದ್ದಿದೆ. ಬರೆದ ಅಭಿಪ್ರಾಯಾನ ಫೋನಲ್ಲಿ ವಾಪಸ್ ತಗೊಳ್ಳೋಕಾಗಲ್ಲ ಮೇಡಂ. ಶುಕ್ರವಾರ ಹತ್ತು ಗಂಟೆಯೊಳಗೆ ಇಲ್ಲಿರಿ. ಇಲ್ಲದಿದ್ರೆ ಮುದ್ರೆ ಬೀಳುತ್ತೆ," ಎಂದರು.

ಗುರುವಾರ ಯಾಕೊಬ್ ಬರೆದಂತೆಯೇ ಕಡಲು ಕೆರಳಿತ್ತು. ಹಡಗು ದೂರದಲ್ಲಿ ನಿಂತು ಹೊಯ್ದಾಡುತ್ತಿತ್ತು. ಹೋಗಲೇಬೇಕಾದವರಿಗೆ ಮಾತ್ರ ಒಂದು ದೋಣಿ ಎಂದಿದ್ದರು. ಕಟ್ಟೆಗೆ ಬಂದದ್ದು ಗೇಸ್ಕೆಯವರೊಬ್ಬರೇ, ಅವರ ಪೆಟ್ಟಿಗೆ ಹಿಡಿದು ನಾನು. ಯಾಕೊಬ್ ಅವರ ಕಡೆ ತಿರುಗದೆ ತನ್ನ ಜೊತೆಗಾರ ಹಾರ್ಕೆಗೆ ಹೇಳಿದ:

"ಕಾಗದ ಬರ್ಲಿಲ್ವಾ ಅಂತ ಕೇಳು ಅವಳನ್ನ."

"ಕಾಗದ ಬರ್ಲಿಲ್ವಾ ಅಂತೆ," ಎಂದ ಹಾರ್ಕೆ.

"ಬಂತು ಅಂತ ಹೇಳು. ಆ ಕಾಗದಕ್ಕೇ ಹೋಗ್ತಿದೀನಿ ಅಂತ ಹೇಳು."

"ಬಂತಂತೆ ಯಾಕೊಬ್ ಮಾಮ. ಅದಕ್ಕೇ..."

"ಕೇಳಿಸ್ತು, ನಂಗೇನು ಕಿವುಡಾ? ಸಾಯೋಕೆ ಹೊರಟಿದಾಳಾ ಅಂತ ಕೇಳು."

"ನಿಮ್ಮಮ್ಮನ ಲಕೋಟೆ ಉಳಿಸೋಕೆ ಹೊರಟಿದೀನಿ ಅಂತ ಹೇಳು!" ಗಾಳಿಗೆ ಗೇಸ್ಕೆಯವರು ಕಿರುಚಿಯೇ ಹೇಳಬೇಕಾಯಿತು. "ನಾನು ಬರೆದಿದ್ದು ತಪ್ಪು. ಹತ್ತಿಸದಿದ್ರೆ ಅವರು ಮುದ್ರೆ ಒತ್ತಿಬಿಡ್ತಾರೆ."

ಹಾರ್ಕೆ ಅದನ್ನು ದಾಟಿಸುವ ಮೊದಲೇ ಯಾಕೊಬ್ ಹಗ್ಗ ಬಿಚ್ಚಿದ. ದೋಣಿ ಕಟ್ಟೆ ಬಿಟ್ಟದ್ದನ್ನು ನೋಡಿದೆ, ಒಮ್ಮೆ ಪೂರ್ತಿ ಕಾಣದಾದದ್ದನ್ನೂ ನೋಡಿದೆ; ಆಗ ನನ್ನ ಬಾಯಿಂದ ಬಂದ ಬೈಗುಳವನ್ನು ಈ ಗ್ರಂಥದ ಗೌರವಕ್ಕಾಗಿ ಬರೆಯುವುದಿಲ್ಲ. ಹಡಗಿನ ಪಕ್ಕದಲ್ಲಿ ಎರಡು ಸಲ ಎತ್ತಲು ಹೋಗಿ ಎರಡು ಸಲವೂ ಅಲೆ ಕೆಳಗೆಳೆಯಿತಂತೆ. ಮೂರನೆಯ ಸಲ ಯಾಕೊಬ್ ಅವರ ಸೊಂಟಕ್ಕೇ ಕೈ ಹಾಕಿ ಮೂಟೆ ಎಸೆದ ಹಾಗೆ ಹಡಗಿನವರ ತೋಳಿಗೆ ಎಸೆದ.

ಹ್ಯಾಂಬರ್ಗಿಗೆ ಹೋಗುವ ದಾರಿಯಲ್ಲಿ ಹಡಗು ತಡವಾಯಿತು, ರೈಲು ತಪ್ಪಿತು, ಮರುದಿನ ಮೊದಲ ರೈಲು ಹಿಡಿದರು. ಸಭೆಯ ಕೋಣೆಗೆ ಅವರು ನುಗ್ಗಿದಾಗ ಲಕೋಟೆ ಮೇಜಿನ ಮೇಲೆ ಬೆನ್ನು ಮೇಲಾಗಿ ಮಲಗಿತ್ತು. ಕಾರ್ಯದರ್ಶಿ ಮುದ್ರೆಯನ್ನು ಶಾಯಿಗೆ ಅದ್ದಿ ಆಗಿತ್ತು.

"ನನ್ನ ಸಹಿ ವಾಪಸ್ ತಗೋತೀನಿ," ಎಂದರು ಗೇಸ್ಕೆಯವರು, ಉಸಿರು ಸಿಗದೆ.

"ಕಾರಣ?" ಎಂದರು ಫೊಸ್‌ಬೆಕ್.

ಹೇಳಿದರು. ಕೆಲವರು ನಕ್ಕರು. ಫೊಸ್‌ಬೆಕ್ ನಗಲಿಲ್ಲ. "ಮೇಡಂ, ಜಗಳಾನ ಯಾವ ಭೂತಗನ್ನಡೀಲಿ ನೋಡೋದು?"

ಗೇಸ್ಕೆಯವರು ಯಾಕೊಬನ ಲಕೋಟೆಯನ್ನು ಮುಂದಿಟ್ಟರು. ಫೊಸ್‌ಬೆಕ್ ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಇದು ಮೊನ್ನೆಯದು. ರಾಣಿ ಕಾಲದ್ದು ಇನ್ನೊಂದು ತೋರಿಸಿ, ಒಂದೇ ಒಂದು. ನಾನೇ ಅಸಲಿ ಅಂತ ಬರೆದುಕೊಡ್ತೀನಿ."

"ನನ್ನ ಹತ್ರ ಇಲ್ಲ."

"ಹತ್ತು ಗಂಟೆ ದಾಟಿದೆ. ನಿಯಮದ ಪ್ರಕಾರ ಸಹಿ ನಿಂತಿದೆ. ಅದನ್ನ ಹೊಡೆದುಹಾಕಬೇಕು ಅಂದ್ರೆ ನೀವು ಮಂಡಳೀನೇ ಬಿಡಬೇಕಾಗುತ್ತೆ. ಯೋಚನೆ ಮಾಡಿ," ಎಂದವರು ಕಾರ್ಯದರ್ಶಿಯ ಕಡೆ ತಲೆಯಾಡಿಸಿದರು. ತಡೆ ಎಂದೋ, ಒತ್ತು ಎಂದೋ, ಆ ತಲೆಯಾಡಿಸುವಿಕೆಯ ಅರ್ಥ ಇಂದಿಗೂ ಚರ್ಚೆಯಲ್ಲಿದೆ. ಕಾರ್ಯದರ್ಶಿ ಒತ್ತು ಎಂದುಕೊಂಡ. ಅವನ ಕೈ ಇಳಿಯಿತು; ಗೇಸ್ಕೆಯವರು ಲಕೋಟೆಯ ಮೇಲೆ ತಮ್ಮ ಕೈ ಚಾಚಿದರು.

ಮುದ್ರೆ ಅವರ ಮುಂಗೈ ಮೇಲೆ ಬಿತ್ತು. ನೇರಳೆ ಬಣ್ಣದಲ್ಲಿ, ಸ್ಪಷ್ಟವಾಗಿ: ಖೋಟಾ.

ಗೇಸ್ಕೆಯವರು ಇನ್ನೊಂದು ಕೈಯಲ್ಲಿ ಲಕೋಟೆಯನ್ನು ಎಳೆದುಕೊಂಡು, ಬೆನ್ನು ನೋಡಿ, ಕಲೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಂಡಳಿಗೆ ರಾಜೀನಾಮೆ ಬರೆದುಕೊಟ್ಟು ಹೊರಬಂದರು. ಅಲ್ಲಿ ಮುಂದುವರಿದಿದ್ದರೆ ಇಂದು ಅವರ ಹೆಸರಿನ ಪರೀಕ್ಷಕ ಗುರುತು ಜಗತ್ತಿನ ಚೀಟಿಗಳ ಬೆನ್ನ ಮೇಲೆ ಇರುತ್ತಿತ್ತು. ಅದು ಅವರಿಗೆ ಬೇಡವಾಗಿತ್ತೆಂದು ಯಾರೂ ತಿಳಿಯಬಾರದು. ಬೇಕಾಗಿತ್ತು. ರೈಲಿನಲ್ಲಿ ಅತ್ತರಂತೆ.

ಮುದುಕಿಯ ಮನೆಗೆ ನಾನೂ ಹೋಗಿದ್ದೆ. ಮೀನಜ್ಜಿ ಲಕೋಟೆಗಿಂತ ಮೊದಲು ಆ ಕೈಯನ್ನು ನೋಡಿದಳು. ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದಳು.

"ಅಯ್ಯೋ ನನ್ನವ್ವ, ಯಾರೇ ನಿನ್ನನ್ನ ಖೋಟಾ ಅಂದಿದ್ದು?"

"ಲಕೋಟೆ ಮೇಲೆ ಬೀಳಲಿಲ್ಲ ಅಜ್ಜಿ. ಆದ್ರೆ ಅಸಲಿ ಅಂತಾನೂ ಬರ್ಕೊಡ್ಲಿಲ್ಲ."

ಮೀನಜ್ಜಿ ಎದ್ದಳು. ಸಾಬೂನು ತಂದಳು, ಉಜ್ಜಿದಳು, ಹೋಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಯಾಕೊಬ್ ದೋಣಿಯ ಟಾರು ತೆಗೆಯುವ ಎಣ್ಣೆ ಬಟ್ಟೆ ಹಿಡಿದು ಬಂದು, ತಾಯಿಯನ್ನು ಪಕ್ಕಕ್ಕೆ ಸರಿಸಿ, ಗೇಸ್ಕೆಯವರ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ತಿಕ್ಕತೊಡಗಿದ. ಬಹಳ ಹೊತ್ತು ತಿಕ್ಕಿದ. ಕೊನೆಗೆ ಹಾರ್ಕೆಯ ನೆರವಿಲ್ಲದೆ, ನೇರವಾಗಿ ಅವರ ಮುಖಕ್ಕೇ ಕೇಳಿದ: "ಉರೀತಿದೆಯಾ?"

"ಇಲ್ಲ," ಎಂದರು ಗೇಸ್ಕೆಯವರು. ಉರಿಯುತ್ತಿತ್ತು.

ಆ ಲಕೋಟೆ ಇಂದು ನಮ್ಮ ಅಂಚೆಚೀಟಿ ಕೋಣೆಯ ನಡುವಿನ ಗಾಜಿನಡಿ ಇದೆ. ಅದರ ಕೆಳಗೆ ಗೇಸ್ಕೆಯವರೇ ಬರೆದ ಪಟ್ಟಿ: "ಮಾತು ಬಿಟ್ಟ ಅಣ್ಣ ತಮ್ಮನಿಗೆ ಹಾಕಿದ ಪತ್ರ. ಅಸಲಿ ಎಂದು ನಂಬಿದ್ದೇವೆ. ಸಾಬೀತಾಗಿಲ್ಲ." ಕೊನೆಯ ಮಾತನ್ನು ತೆಗೆಯಿರಿ ಎಂದು ನಾವು ಎಷ್ಟು ಗೋಗರೆದರೂ ಅವರು ಕೇಳಲಿಲ್ಲ, ಬೊಟ್ಟರ್ ಮನೆಯವರೂ ಒಪ್ಪಲಿಲ್ಲವೆಂಬುದು ಅದಕ್ಕಿಂತ ದೊಡ್ಡ ಸಂಗತಿ. ಅಂದಿನಿಂದ ಇಂದಿನವರೆಗೆ ಗೇಸ್ಕೆಯವರು ರಾಣಿ ಕಾಲದ ಅಂಥದೇ ಇನ್ನೊಂದು ಲಕೋಟೆಗಾಗಿ ದ್ವೀಪದ ಪ್ರತಿಯೊಂದು ಪೆಟ್ಟಿಗೆಯನ್ನೂ, ಹೊರಗೆ ಉಳಿದುಹೋದ ನಮ್ಮವರ ಪ್ರತಿಯೊಂದು ಬೈಬಲನ್ನೂ ತೆರೆಸಿ ನೋಡುತ್ತಿದ್ದಾರೆ. ಆ ಹುಡುಕಾಟದಲ್ಲೇ ಕೋಣೆಯ ಉಳಿದೆಲ್ಲ ಸಂಪತ್ತು ಬಂದು ಸೇರಿತು. ಬೇಕಾದ ಆ ಒಂದು ಮಾತ್ರ ಸಿಕ್ಕಿಲ್ಲ. ನಿವೃತ್ತಿಯ ಮೇಲೆ ಏನು ಮಾಡುತ್ತೀರೆಂದು ಕೇಳಿದ್ದಕ್ಕೆ, ಕುಕ್ಸ್‌ಹಾಫೆನ್ನಿನ ಒಂದು ಮನೆಯ ಅಟ್ಟ ನೋಡುವುದು ಬಾಕಿ ಇದೆ ಎಂದರು.

ಇಂಥವರಿಗೆ ನೂರು ವರ್ಷ ಎಂದು ಹಾರೈಸಿ ಮುಗಿಸುವುದು ನನಗೆ ಸಾಲದೆನಿಸುತ್ತದೆ. ಆ ಇನ್ನೊಂದು ಲಕೋಟೆ ಅವರ ಕೈಗೇ ಸಿಗಲಿ, ಅದು ಸಿಗುವ ತನಕ ಅವರು ಗಟ್ಟಿಮುಟ್ಟಾಗಿ ನಮ್ಮ ನಡುವೆ ಇರಲಿ ಎಂಬುದು ಅವರ ಸಮಸ್ತ ಸಹೋದ್ಯೋಗಿಗಳ, ಶಿಷ್ಯರ, ಬೊಟ್ಟರ್ ಮನೆತನದವರ ಮನಃಪೂರ್ವಕ ಹಾರೈಕೆ. ಆ ಹಾಳು ಲಕೋಟೆ ಬೇಗ ಸಿಗದೇ ಇರಲಿ ಎಂಬುದು ನನ್ನದು.